ಏಳು ಲಕ್ಷದ ಸ್ಟೆಮ್ ಸೆಲ್ ಇಂಜೆಕ್ಷನ್‌ಗಾಗಿ ತೋಟ ಮಾರಬೇಕೇ?

ಓದುಗರ ಪ್ರಶ್ನೆ: ನಾವು ಶಿಡ್ಲಘಟ್ಟ ತಾಲ್ಲೂಕಿನವರು. ಎರಡು ಎಕರೆ ಹಿಪ್ಪುನೇರಳೆ ತೋಟವಿದೆ, ರೇಷ್ಮೆ ಹುಳು ಸಾಕುತ್ತೇವೆ. ನನ್ನ ತಂಗಿಗೆ 31 ವರ್ಷ, ನಾಲ್ಕು ವರ್ಷದ ಮಗನಿದ್ದಾನೆ. ಗಂಡನ ಮನೆಯಲ್ಲಿ ರೀಲಿಂಗ್ ಘಟಕವಿದೆ, ಅವಳೂ ನೂಲು ತೆಗೆಯುತ್ತಿದ್ದಳು. ಕಳೆದ ವರ್ಷ ಎರಡು ವಾರ ಬಿಡದೆ ಬಿಕ್ಕಳಿಕೆ, ವಾಂತಿ ಕಾಡಿತು. ಗ್ಯಾಸ್ಟ್ರಿಕ್ ಎಂದು ಔಷಧಿ ಕೊಟ್ಟರು, ಎಂಡೋಸ್ಕೋಪಿ ಮಾಡಿದರು, ಕೊನೆಗೆ ತಾನಾಗಿಯೇ ನಿಂತಿತು. ಎರಡು ತಿಂಗಳಾದ ಮೇಲೆ ಕಾಲುಗಳು ಸೋತು ಮೂತ್ರ ಕಟ್ಟಿಕೊಂಡಿತು. ಬೆಂಗಳೂರಿನಲ್ಲಿ ಎಂಆರ್‌ಐ ಮಾಡಿದರು. ರಕ್ತಪರೀಕ್ಷೆಯಲ್ಲಿ ‘ಅಕ್ವಾಪೊರಿನ್-4 ಪಾಸಿಟಿವ್’ ಬಂದು ‘ಎನ್‌ಎಂಒ’ ಎಂದರು. ಐದು ದಿನ ಸ್ಟೀರಾಯ್ಡ್, ಆಮೇಲೆ ಐದು ಬಾರಿ ಪ್ಲಾಸ್ಮಾ (ರಕ್ತದ ದ್ರವಭಾಗ) ಬದಲಾವಣೆ ಆಯಿತು. ಈಗ ಆರು ತಿಂಗಳಾಗಿದೆ. ಕೋಲು ಹಿಡಿದು ನಡೆಯುತ್ತಾಳೆ, ಎಡಗಾಲಿನಲ್ಲಿ ಶಕ್ತಿ ಸಾಲದು. ಪ್ರೆಡ್ನಿಸೊಲೋನ್ ಮತ್ತು ಅಜಥಯೊಪ್ರಿನ್ ಮಾತ್ರೆ ನುಂಗುತ್ತಿದ್ದಾಳೆ. ಪರಿಚಯದವರು ಒಂದು ಸ್ಟೆಮ್ ಸೆಲ್ ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಬೆನ್ನಿಗೆ ಮೂರು ಇಂಜೆಕ್ಷನ್, ಏಳು ಲಕ್ಷ ರೂಪಾಯಿ, ಹೊಸ ನರ ಬೆಳೆಯುತ್ತದೆ ಎನ್ನುತ್ತಾರೆ. ಒಂದು ತಿಂಗಳು ಮೊದಲೇ ಮಾತ್ರೆ ನಿಲ್ಲಿಸಬೇಕಂತೆ. ಹೊಸಕೋಟೆಯ ನಮ್ಮ ಸಂಬಂಧಿಕರ ಮಗ ‘ಎಂಎಸ್’ ಕಾಯಿಲೆಗೆ ಸ್ಟೆಮ್ ಸೆಲ್ ಕಸಿ ಮಾಡಿಸಿಕೊಂಡು ಚೆನ್ನಾಗಿದ್ದಾನೆ. ಇದೂ ಅದೇ ಅಲ್ಲವೇ? ತಂಗಿಯ ಮಗ ಹುಟ್ಟಿದಾಗ ಹೊಕ್ಕುಳಬಳ್ಳಿಯ ರಕ್ತವನ್ನು ಹಣ ಕಟ್ಟಿ ಶೇಖರಿಸಿಟ್ಟಿದ್ದೇವೆ, ಅದು ಉಪಯೋಗಕ್ಕೆ ಬರುತ್ತದೆಯೇ? ಒಂದು ಎಕರೆ ಮಾರಿದರೆ ಹಣ ಹೊಂದುತ್ತದೆ. ಮಾರಬಹುದೇ? ಅವಳು ಮತ್ತೆ ರೀಲಿಂಗ್ ಕೆಲಸಕ್ಕೆ ಕೂರಬಲ್ಲಳೇ?

ಉತ್ತರ: ಮಾತ್ರೆ ನಿಲ್ಲಿಸಬೇಡಿ. ಈಗಾಗಲೇ ನಿಲ್ಲಿಸಿದ್ದರೆ ಈ ಉತ್ತರವನ್ನು ಪೂರ್ತಿ ಓದುವ ಮೊದಲು ನಿಮ್ಮ ನರರೋಗ ತಜ್ಞರಿಗೆ ಫೋನ್ ಮಾಡಿ. ಪ್ರೆಡ್ನಿಸೊಲೋನ್ ಒಂದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿದ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಅದಕ್ಕಿಂತ ಹೆಚ್ಚಾಗಿ ನಾನು ಹೆದರುವುದು ಕಾಯಿಲೆಯ ಮುಂದಿನ ದಾಳಿಗೆ. ನಿಮ್ಮ ತಂಗಿ ಇಂದು ಕೋಲು ಹಿಡಿದಾದರೂ ನಡೆಯುತ್ತಿದ್ದಾರೆ, ಎರಡೂ ಕಣ್ಣು ಕಾಣುತ್ತಿವೆ. ಒಂದೇ ಒಂದು ದಾಳಿ ಇದನ್ನು ಬದಲಿಸಬಲ್ಲದು.

ವಾರಕ್ಕೊಂದು ದಿನ ನಾನು ಚಿಕ್ಕಬಳ್ಳಾಪುರದಲ್ಲಿ ರೋಗಿಗಳನ್ನು ನೋಡುತ್ತೇನೆ. ನಿಮ್ಮ ತಂಗಿಯ ಕಾಯಿಲೆಯೇ ಇದ್ದ ಗೌರಿಬಿದನೂರು ಕಡೆಯ ಒಬ್ಬ ಹೆಣ್ಣುಮಗಳು ಹೀಗೆಯೇ ಮಾತ್ರೆ ನಿಲ್ಲಿಸಿ, ಹೀಗೆಯೇ ಇಂಜೆಕ್ಷನ್ ಮಾಡಿಸಿಕೊಂಡು, ಏಳನೆಯ ವಾರ ನನ್ನ ಬಳಿ ಬಂದಳು. ಬರುವಷ್ಟರಲ್ಲಿ ಒಂದು ಕಣ್ಣು ಹೋಗಿತ್ತು. ಅವಳ ತಂದೆ ಚೀಲದಿಂದ ಬಿಲ್ಲುಗಳನ್ನು ಒಂದೊಂದಾಗಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸಲು ನನಗೆ ಮನಸ್ಸಿಲ್ಲ.

ಮೊದಲು ಕಾಯಿಲೆ ಏನೆಂದು ತಿಳಿಯೋಣ. ಎನ್‌ಎಂಒ ಎಂದರೆ ನ್ಯೂರೋಮೈಲೈಟಿಸ್ ಆಪ್ಟಿಕಾ. ಕಣ್ಣಿನ ನರ, ಬೆನ್ನುಹುರಿ, ಮೆದುಳಿನ ಕೆಲವು ಭಾಗಗಳನ್ನು ನಮ್ಮದೇ ರೋಗನಿರೋಧಕ ವ್ಯವಸ್ಥೆ ವೈರಿಯೆಂದು ತಿಳಿದು ಸುಡುವ ಉರಿಯೂತ. ಫ್ರಾನ್ಸಿನ ಡೆವಿಕ್ 1894ರಲ್ಲೇ ಇದನ್ನು ವಿವರಿಸಿದ್ದರೂ ನೂರು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಎಂಎಸ್, ಅಂದರೆ ನರಗಳ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಒಂದು ಬಗೆ ಎಂದೇ ವೈದ್ಯರು ತಿಳಿದಿದ್ದರು. 2004ರಲ್ಲಿ ಈ ರೋಗಿಗಳ ರಕ್ತದಲ್ಲಿ ಮಾತ್ರ ಕಾಣುವ ಒಂದು ಪ್ರತಿಕಾಯ, ಅಂದರೆ ರೋಗನಿರೋಧಕ ವ್ಯವಸ್ಥೆ ತಯಾರಿಸುವ ಪ್ರೋಟೀನು, ಪತ್ತೆಯಾಯಿತು. ಮರುವರ್ಷ ಅದು ಗುರಿಯಿಡುವುದು ಅಕ್ವಾಪೊರಿನ್-4 ಎಂಬ ಪ್ರೋಟೀನಿಗೆ ಎಂದು ಗೊತ್ತಾಯಿತು. ನಿಮ್ಮ ತಂಗಿಯ ವರದಿಯಲ್ಲಿ ಬಂದಿರುವುದು ಅದೇ.

ನಮ್ಮ ಕೆರೆಗಳಿಗೆ ತೂಬು ಇರುವಂತೆ, ಮೆದುಳು ಮತ್ತು ಬೆನ್ನುಹುರಿಯ ಆಸರೆ ಕೋಶಗಳಲ್ಲಿ ನೀರು ಒಳಹೊರಗೆ ಹರಿಯುವ ತೂಬು ಈ ಅಕ್ವಾಪೊರಿನ್. ಪ್ರತಿಕಾಯ ಬಂದು ತೂಬಿಗೆ ಅಂಟಿಕೊಳ್ಳುತ್ತದೆ, ಅದರ ಹಿಂದೆಯೇ ರಕ್ತದ ಇತರ ಪ್ರೋಟೀನುಗಳು ಬಂದು ಕೋಶವನ್ನೇ ತೂತು ಮಾಡುತ್ತವೆ. ಆಸರೆ ಕೋಶ ಸತ್ತ ಕಡೆ ನರತಂತುಗಳ ಹೊದಿಕೆಯೂ ತಂತುಗಳೂ ಹಾಳಾಗುತ್ತವೆ. ಈ ತೂಬುಗಳು ಹೆಚ್ಚಾಗಿರುವ ಒಂದು ಜಾಗ ವಾಂತಿಯನ್ನು ನಿಯಂತ್ರಿಸುವ ಮೆದುಳಿನ ಹಿಂಭಾಗ. ಎರಡು ವಾರದ ಆ ಬಿಕ್ಕಳಿಕೆ ಈ ಕಾಯಿಲೆಯ ಮೊದಲ ದಾಳಿಯೇ ಆಗಿತ್ತು ಎಂದು ನನಗೆ ಅನ್ನಿಸುತ್ತದೆ. ನೀವು ಆಗ ಏನಾದರೂ ಬೇರೆ ಮಾಡಬಹುದಿತ್ತೇ ಎಂದು ಕೊರಗಬೇಡಿ, ಬಿಡದ ಬಿಕ್ಕಳಿಕೆಗೂ ಬೆನ್ನುಹುರಿಗೂ ಗಂಟು ಹಾಕುವುದು ವೈದ್ಯರಿಗೂ ಸುಲಭವಲ್ಲ.

ಎಂಎಸ್‌ನಲ್ಲಿ ದಾಳಿಗಳ ನಡುವೆಯೂ ಒಳಗೊಳಗೇ ನಷ್ಟ ನಡೆಯುತ್ತಿರುತ್ತದೆ. ಎನ್‌ಎಂಒದಲ್ಲಿ ನಷ್ಟವೆಲ್ಲ ಬಹುಮಟ್ಟಿಗೆ ದಾಳಿಯ ದಿನಗಳಲ್ಲೇ ಆಗಿಹೋಗುತ್ತದೆ. ದಾಳಿ ಬರದಂತೆ ನೋಡಿಕೊಂಡರೆ ಇಂದಿನ ಸ್ಥಿತಿಯನ್ನು ವರ್ಷಗಟ್ಟಲೆ ಕಾಪಾಡಬಹುದು. ಚಿಕಿತ್ಸೆ ಎಂದು ಯಾರು ಏನೇ ಹೇಳಿದರೂ ‘ಇದು ಮುಂದಿನ ದಾಳಿಯನ್ನು ತಡೆಯುತ್ತದೆಯೇ?’ ಎಂದು ಕೇಳಿ. ಆ ಕ್ಲಿನಿಕ್‌ನವರು ಈ ವಿಷಯದಲ್ಲಿ ಏನು ಹೇಳಿದರೆಂದು ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ.

ಇನ್ನು ಹೊಸಕೋಟೆಯ ಹುಡುಗನ ಮಾತು. ಹೆಸರು ಒಂದೇ ಆದುದರಿಂದಲೇ ಇಷ್ಟೆಲ್ಲ ಗೊಂದಲ. ಅವನಿಗೆ ಆಗಿರುವುದು ರಕ್ತ ಹುಟ್ಟಿಸುವ ಆಕರಕೋಶಗಳ (ಸ್ಟೆಮ್ ಸೆಲ್) ಕಸಿ, ರಕ್ತದ ಕ್ಯಾನ್ಸರಿಗೆ ಮಾಡುವ ಮೂಳೆಮಜ್ಜೆ ಕಸಿಯಂಥದ್ದು. ರೋಗಿಯ ರಕ್ತದಿಂದಲೇ ಆಕರಕೋಶಗಳನ್ನು ಸೋಸಿ ತೆಗೆದು ಶೀತದಲ್ಲಿ ಇಡುತ್ತಾರೆ. ಆಮೇಲೆ ಸೈಕ್ಲೊಫಾಸ್ಫಮೈಡ್‌ನಂಥ ಕೀಮೋಥೆರಪಿ ಔಷಧಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು, ದಾರಿ ತಪ್ಪಿದ ರೋಗನಿರೋಧಕ ಕೋಶಗಳನ್ನು ಅಳಿಸಿಹಾಕುತ್ತಾರೆ. ಬಳಿಕ ತೆಗೆದಿಟ್ಟ ಕೋಶಗಳನ್ನು ರಕ್ತನಾಳದ ಮೂಲಕ ಹಿಂದಕ್ಕೆ ಕೊಡುತ್ತಾರೆ.

ಹುಳುಮನೆಗೆ ರೋಗ ಬಂದಾಗ ನೀವು ಏನು ಮಾಡುತ್ತೀರಿ? ಇದ್ದ ಹುಳುಗಳನ್ನು ತೆಗೆದುಹಾಕಿ, ತಟ್ಟೆ, ಚಂದ್ರಿಕೆ, ಗೋಡೆಗಳನ್ನೆಲ್ಲ ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ತೊಳೆದು, ಆಮೇಲೆ ಹೊಸದಾಗಿ ಎಳೆಯ ಚಾಕಿ ಹುಳು ತರುತ್ತೀರಿ. ರೋಗವನ್ನು ಓಡಿಸುವುದು ಬ್ಲೀಚಿಂಗ್. ಚಾಕಿ ಹುಳು ಬರುವುದು ಮನೆ ಬರಿದಾಗಿ ಉಳಿಯಬಾರದೆಂದು. ಆ ಕಸಿಯಲ್ಲಿಯೂ ಹಾಗೆಯೇ, ಕೆಲಸ ಮಾಡುವುದು ಕೀಮೋಥೆರಪಿ. ಆಕರಕೋಶಗಳು ಮತ್ತೆ ರಕ್ತ ಹುಟ್ಟಿಸಿ ರೋಗಿಯ ಜೀವ ಉಳಿಸುತ್ತವೆ, ಹೊಸ ನರವನ್ನು ಬೆಳೆಸುವುದಿಲ್ಲ. ತೊಳೆಯದ ಹುಳುಮನೆಗೆ ಚಾಕಿ ಹುಳು ತಂದು ಸುರಿದರೆ ಏನಾಗುತ್ತದೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಈ ಕಸಿಗೆ ಎಂಎಸ್‌ನಲ್ಲಿ ಒಳ್ಳೆಯ ಆಧಾರವಿದೆ. ಗ್ರೀಸ್ ದೇಶದ ವೈದ್ಯರು ತಮ್ಮ ಮೊದಲ ವರದಿ ಪ್ರಕಟಿಸಿದ್ದು 1997ರಲ್ಲಿ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪದೇಪದೇ ಮರುಕಳಿಸುವ ಎಂಎಸ್ ಇದ್ದ 110 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಸಿ, ಇನ್ನೊಂದಕ್ಕೆ ಔಷಧಿ ಕೊಟ್ಟರು. ಔಷಧಿಯ ಗುಂಪಿನಲ್ಲಿ 34 ಜನರ ಅಂಗವೈಕಲ್ಯ ಹೆಚ್ಚಿತು, ಕಸಿಯ ಗುಂಪಿನಲ್ಲಿ ಮೂವರದು ಮಾತ್ರ. ಇಷ್ಟು ಕೇಳಿ ಎಲ್ಲರಿಗೂ ಇದನ್ನೇ ಮಾಡಬಹುದೆಂದು ಅನ್ನಿಸುವುದು ಸಹಜ. ಆದರೆ ಆ ಅಧ್ಯಯನಕ್ಕೆ ಆರಿಸಿದ್ದು ಉರಿಯೂತ ಚುರುಕಾಗಿದ್ದವರನ್ನು. ನರತಂತುಗಳು ಸವೆದುಹೋಗಿ, ದಾಳಿಗಳೇ ನಿಂತು, ನಿಧಾನವಾಗಿ ಇಳಿಮುಖವಾಗಿರುವ ಹಂತದಲ್ಲಿ ಕಸಿಯಿಂದ ಹೆಚ್ಚಿನ ಲಾಭವಿಲ್ಲ. ಮೂರು ನಾಲ್ಕು ವಾರ ಪ್ರತ್ಯೇಕ ಕೋಣೆಯಲ್ಲಿ ಇರಬೇಕು, ಬಿಳಿ ರಕ್ತಕಣಗಳು ಸೊನ್ನೆಗೆ ಇಳಿಯುವ ದಿನಗಳಲ್ಲಿ ಸಣ್ಣ ಸೋಂಕೂ ಪ್ರಾಣ ತೆಗೆಯಬಲ್ಲದು. ನಮ್ಮ ದೇಶದಲ್ಲಿ ಅಡಗಿ ಕೂತ ಕ್ಷಯ ತಲೆಯೆತ್ತುವ ಭಯ ಬೇರೆ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತು ಮುಂದೆ ಮಕ್ಕಳಾಗದೆ ಹೋಗಬಹುದು. ಅನುಭವವುಳ್ಳ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ಈಗ ತೀರಾ ಕಡಿಮೆಯಾಗಿದೆ, ಆದರೂ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಎನ್‌ಎಂಒಗೆ ಅದೇ ಕಸಿ ಹೇಗೆ? ಯುರೋಪಿನ ಕಸಿ ಕೇಂದ್ರಗಳು 16 ರೋಗಿಗಳ ಅನುಭವವನ್ನು 2015ರಲ್ಲಿ ವರದಿ ಮಾಡಿದವು. ಹೆಚ್ಚಿನವರಿಗೆ ಕಾಯಿಲೆ ಮರುಕಳಿಸಿತ್ತು. 2019ರಲ್ಲಿ ವರದಿಯಾದಂತೆ, ಅಮೆರಿಕದ ಒಂದು ತಂಡ ಕೀಮೋಥೆರಪಿಯ ಜೊತೆಗೆ ರಿಟುಕ್ಸಿಮ್ಯಾಬ್ ಎಂಬ ಔಷಧವನ್ನೂ ಸೇರಿಸಿದ ಮೇಲೆ ಫಲಿತಾಂಶ ಬಹಳ ಸುಧಾರಿಸಿತು, ಬಹುಪಾಲು ರೋಗಿಗಳು ಐದು ವರ್ಷ ದಾಳಿಯಿಲ್ಲದೆ ಕಳೆದರು. ಆದರೆ ಅಲ್ಲಿದ್ದದ್ದು ಹನ್ನೆರಡು ಹದಿಮೂರು ರೋಗಿಗಳು, ಹೋಲಿಸಿ ನೋಡಲು ಇನ್ನೊಂದು ಗುಂಪಿರಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಉಳಿದ ಔಷಧಗಳೆಲ್ಲ ಸೋತ ಮೇಲೆ ಮಾತ್ರ, ಮಜ್ಜೆ ಕಸಿಯ ದೊಡ್ಡ ಕೇಂದ್ರದಲ್ಲಿ ಕುಳಿತು ಚರ್ಚಿಸಬೇಕಾದ ದಾರಿ ಅದು. ನಿಮ್ಮ ತಂಗಿಗೆ ಬಲವಾದ ಔಷಧಗಳು ಇನ್ನೂ ಮುಗಿದಿಲ್ಲ, ನಿಜ ಹೇಳಬೇಕೆಂದರೆ ಶುರುವೇ ಆಗಿಲ್ಲ.

ಏಳು ಲಕ್ಷದ ಇಂಜೆಕ್ಷನ್ ಇದ್ಯಾವುದೂ ಅಲ್ಲ. ನೀವು ಕಳುಹಿಸಿದ ಕರಪತ್ರದಲ್ಲಿರುವುದು ಮೆಸೆಂಕೈಮಲ್ ಕೋಶಗಳು, ಮಜ್ಜೆ, ಕೊಬ್ಬು ಅಥವಾ ಹೊಕ್ಕುಳಬಳ್ಳಿಯಿಂದ ತೆಗೆದು ಬೆಳೆಸುವಂಥವು. ಬೆನ್ನಿನ ದ್ರವಕ್ಕೆ ಬಿಟ್ಟ ಈ ಕೋಶಗಳು ಬೆನ್ನುಹುರಿಯಲ್ಲಿ ಬೇರು ಬಿಟ್ಟು ನರವಾಗುವುದಿಲ್ಲ, ಬಹುಪಾಲು ಬೇಗನೆ ಮಾಯವಾಗುತ್ತವೆ. ಅವು ಉರಿಯೂತವನ್ನು ತಣಿಸುವ ರಾಸಾಯನಿಕಗಳನ್ನು ಸ್ರವಿಸುತ್ತವೆ ಎಂಬ ಆಸೆಯಿಂದ ವಿಜ್ಞಾನಿಗಳು ಪ್ರಾಮಾಣಿಕವಾಗಿ ಪರೀಕ್ಷಿಸಿದರು. ಎಂಎಸ್ ಇದ್ದ 144 ಜನರ ಮೇಲೆ ಹಲವು ದೇಶಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂತು. ಆರು ತಿಂಗಳಲ್ಲಿ ಎಂಆರ್‌ಐನಲ್ಲಿ ಕಾಣುವ ಹೊಸ ಉರಿಯೂತದ ಲೆಕ್ಕ ಹಿಡಿದರೆ ಕೋಶ ಪಡೆದವರಿಗೂ ಹುಸಿ ಔಷಧ ಪಡೆದವರಿಗೂ ವ್ಯತ್ಯಾಸವಿರಲಿಲ್ಲ. ಆ ಕೋಶಗಳನ್ನು ಒಳ್ಳೆಯ ಪ್ರಯೋಗಾಲಯದಲ್ಲಿ ಬೆಳೆಸಿದ್ದರು. ನಿಮಗೆ ಕೊಡುವ ಸೀಸೆಯಲ್ಲಿ ಏನಿದೆ, ಎಷ್ಟು ಜೀವಂತವಿದೆ ಎಂದು ತೋರಿಸುವ ಕಾಗದ ನಿಮ್ಮ ಕೈಯಲ್ಲಿದೆಯೇ?

‘ಅಲ್ಲಿ ಹೋದವರು ನಡೆದುಕೊಂಡು ಬಂದರು’ ಎಂಬ ಮಾತನ್ನು ನಾನೂ ಕೇಳಿದ್ದೇನೆ, ಹಾಗೆ ಹೇಳುವವರು ಸುಳ್ಳುಗಾರರಲ್ಲ. ದಾಳಿಯ ನಂತರ ಬೆನ್ನುಹುರಿ ತಾನೇ ತಾನಾಗಿ ಆರು ತಿಂಗಳು, ಕೆಲವೊಮ್ಮೆ ಒಂದು ವರ್ಷದವರೆಗೂ ಚೇತರಿಸಿಕೊಳ್ಳುತ್ತಲೇ ಇರುತ್ತದೆ. ಅದೇ ಅವಧಿಯಲ್ಲಿ ಇಂಜೆಕ್ಷನ್ ಬಿದ್ದರೆ ಕೀರ್ತಿ ಇಂಜೆಕ್ಷನ್‌ಗೆ ಹೋಗುತ್ತದೆ. ಜೊತೆಗೆ ಆ ಕೇಂದ್ರಗಳಲ್ಲಿ ದಿನಕ್ಕೆ ಮೂರು ನಾಲ್ಕು ಗಂಟೆ ಫಿಸಿಯೋಥೆರಪಿ ಮಾಡಿಸುತ್ತಾರೆ, ಅದರಿಂದ ನಿಜವಾಗಿಯೂ ಕಾಲಿಗೆ ಬಲ ಬರುತ್ತದೆ. ನಾನು ನೋಡಿದ ಕೆಲವರ ಡಿಸ್ಚಾರ್ಜ್ ಕಾಗದದ ಕೊನೆಯಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ನೂ ಇತ್ತು. ಸ್ಟೀರಾಯ್ಡ್ ಬಿದ್ದ ವಾರ ಯಾರಿಗಾದರೂ ಹುರುಪು ಬರುತ್ತದೆ.

ಹಾನಿಯ ದಾಖಲೆಗಳೂ ಇವೆ. ಮಾಸ್ಕೋದಲ್ಲಿ ಭ್ರೂಣದ ನರಕೋಶಗಳನ್ನು ಹಾಕಿಸಿಕೊಂಡಿದ್ದ ಇಸ್ರೇಲಿನ ಬಾಲಕನೊಬ್ಬನಿಗೆ ಮೆದುಳು ಮತ್ತು ಬೆನ್ನುಹುರಿಯಲ್ಲಿ ಗಡ್ಡೆ ಬೆಳೆದದ್ದು 2009ರಲ್ಲಿ ವರದಿಯಾಯಿತು. ಪರೀಕ್ಷಿಸಿದರೆ ಗಡ್ಡೆಯ ಕೋಶಗಳು ದಾನಿಗಳದು. 2016ರಲ್ಲಿ ವರದಿಯಾದ ಇನ್ನೊಂದು ಪ್ರಕರಣದಲ್ಲಿ, ಪಾರ್ಶ್ವವಾಯುವಿಗೆಂದು ಹಲವು ದೇಶ ಸುತ್ತಿ ಕೋಶಗಳನ್ನು ಹಾಕಿಸಿಕೊಂಡ ಅಮೆರಿಕದ ವ್ಯಕ್ತಿಯ ಬೆನ್ನುಮೂಳೆಯೊಳಗೆ ಬೇರೊಬ್ಬರ ಕೋಶಗಳ ಗಡ್ಡೆ ಬೆಳೆದಿತ್ತು. ಇವು ಅಪರೂಪ, ಎಲ್ಲರಿಗೂ ಹೀಗಾಗುತ್ತದೆಂದು ಹೆದರಿಸುವುದು ತಪ್ಪು. ಬೆನ್ನಿಗೆ ಚುಚ್ಚುವಾಗ ಸೋಂಕು ಸೇರಿ ಮೆದುಳು ಪೊರೆಯ ಜ್ವರ ಬರುವುದು, ಅದರಲ್ಲೂ ಸ್ಟೀರಾಯ್ಡ್ ನುಂಗುತ್ತಿರುವವರಿಗೆ, ನನ್ನ ಮಟ್ಟಿಗೆ ಹೆಚ್ಚು ಹತ್ತಿರದ ಭಯ.

ಕಾನೂನಿನ ಮಾತನ್ನೂ ತಿಳಿದಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥ ಸ್ಥಾಪಿತ ಚಿಕಿತ್ಸೆಗಳನ್ನು ಬಿಟ್ಟರೆ ಉಳಿದ ಯಾವುದೇ ಸ್ಟೆಮ್ ಸೆಲ್ ಬಳಕೆ ಒಪ್ಪಿಗೆ ಪಡೆದ ಪ್ರಯೋಗದ ಒಳಗೆ ಮಾತ್ರ ನಡೆಯಬೇಕು, ಹೊರಗೆ ಮಾಡಿದರೆ ಅದು ವೃತ್ತಿಧರ್ಮಕ್ಕೆ ವಿರುದ್ಧ. ‘ನಮ್ಮದೂ ಪ್ರಯೋಗವೇ’ ಎಂದರೆ ಪ್ರಯೋಗಗಳನ್ನು ನೋಂದಾಯಿಸುವ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯ ಸಂಖ್ಯೆ ಕೇಳಿ, ನೈತಿಕ ಸಮಿತಿಯ ಒಪ್ಪಿಗೆ ಪತ್ರ ಕೇಳಿ, ಕನ್ನಡದಲ್ಲಿ ಬರೆದ ಒಪ್ಪಿಗೆ ನಮೂನೆ ಕೇಳಿ. ಹೊಸ ಚಿಕಿತ್ಸೆಯ ನಿಜವಾದ ಪ್ರಯೋಗದಲ್ಲಿ ಆ ಚಿಕಿತ್ಸೆಗೆ ರೋಗಿಯಿಂದ ಹಣ ಪಡೆಯುವುದಿಲ್ಲ. ಏಳು ಲಕ್ಷ ಕೇಳಿದ ಕ್ಷಣವೇ ಅದು ಪ್ರಯೋಗವಲ್ಲವೆಂದು ತಿಳಿದುಕೊಳ್ಳಿ.

ಹೊಕ್ಕುಳಬಳ್ಳಿಯ ರಕ್ತದಿಂದ ನಿಮ್ಮ ತಂಗಿಗೆ ಪ್ರಯೋಜನವಿಲ್ಲ. ಅದು ಮಗುವಿನ ಕೋಶ, ತಾಯಿಗೆ ಅರ್ಧ ಮಾತ್ರ ಹೊಂದುತ್ತದೆ. ಈ ಕಾಯಿಲೆಗಳ ಕಸಿಗೆ ಬೇಕಾಗುವುದು ರೋಗಿಯ ಸ್ವಂತ ಕೋಶ.

ಹಾಗಾದರೆ ಮಾಡಬೇಕಾದ್ದೇನು? ಅಜಥಯೊಪ್ರಿನ್ ಹಳೆಯ, ಅಗ್ಗದ, ನಂಬಬಹುದಾದ ಮಾತ್ರೆ. ಅದು ಪೂರ್ತಿ ಕೆಲಸಕ್ಕೆ ಬರಲು ಮೂರರಿಂದ ಆರು ತಿಂಗಳು ಬೇಕು. ಅಲ್ಲಿಯವರೆಗೆ ಸ್ಟೀರಾಯ್ಡ್ ಕಾವಲು ಕಾಯುತ್ತದೆ. ನಮ್ಮ ಜನರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಇದು ಒಗ್ಗದೆ ಬಿಳಿ ರಕ್ತಕಣ ಕುಸಿಯುತ್ತದೆ, ಆದುದರಿಂದ ರಕ್ತಪರೀಕ್ಷೆ ತಪ್ಪಿಸಬೇಡಿ. ಇದಕ್ಕಿಂತ ಬಲವಾದದ್ದು ರಿಟುಕ್ಸಿಮ್ಯಾಬ್. ಪ್ರತಿಕಾಯ ತಯಾರಿಸುವ ಕೋಶಗಳ ಮೂಲವಾದ ಬಿ ಕೋಶಗಳನ್ನು ಇದು ತೆಗೆದುಹಾಕುತ್ತದೆ. ಜಪಾನಿನಲ್ಲಿ ನಡೆದ, 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹುಸಿ ಔಷಧ ಪಡೆದ 19 ಜನರಲ್ಲಿ ಏಳು ಜನರಿಗೆ ಕಾಯಿಲೆ ಮರುಕಳಿಸಿತು, ರಿಟುಕ್ಸಿಮ್ಯಾಬ್ ಪಡೆದ 19 ಜನರಲ್ಲಿ ಒಬ್ಬರಿಗೂ ಇಲ್ಲ. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ರಕ್ತನಾಳದ ಮೂಲಕ ಕೊಡುತ್ತೇವೆ. ನಮ್ಮ ದೇಶದಲ್ಲೇ ತಯಾರಾಗುವುದರಿಂದ ಬೆಲೆ ಇಳಿದಿದೆ, ನೀವು ಹೇಳಿದ ಏಳು ಲಕ್ಷದಲ್ಲಿ ಹಲವು ವರ್ಷ ನಡೆಯುತ್ತದೆ. ಅಪಾಯವಿಲ್ಲವೆಂದಲ್ಲ. ಸೋಂಕು ಹೆಚ್ಚಬಹುದು, ಒಳಗೆ ಅಡಗಿದ್ದ ಹೆಪಟೈಟಿಸ್ ಬಿ ಕೆರಳಬಹುದು, ಹಾಗಾಗಿ ಆ ಪರೀಕ್ಷೆಯನ್ನೂ ಕ್ಷಯದ ಪರೀಕ್ಷೆಯನ್ನೂ ಮೊದಲು ಮಾಡಿಸುತ್ತೇವೆ. ಎಕ್ಯುಲಿಜುಮ್ಯಾಬ್, ಸ್ಯಾಟ್ರಲಿಜುಮ್ಯಾಬ್, ಇನೆಬಿಲಿಜುಮ್ಯಾಬ್ ಎಂಬ ಹೊಸ ಔಷಧಗಳು 2019ರಿಂದೀಚೆಗೆ ವಿದೇಶಗಳಲ್ಲಿ ಒಪ್ಪಿಗೆ ಪಡೆದಿವೆ, ಒಳ್ಳೆಯವೇ, ಆದರೆ ಬೆಲೆ ನಮ್ಮ ಕೈಗೆ ಎಟುಕುವಂತಿಲ್ಲ.

ನಿಮ್ಮ ತಂಗಿಯ ಬಗ್ಗೆ ನನ್ನ ಸಲಹೆ: ದಾಳಿ ತೀವ್ರವಾಗಿತ್ತು, ವಯಸ್ಸು ಚಿಕ್ಕದು, ಆದ್ದರಿಂದ ರಿಟುಕ್ಸಿಮ್ಯಾಬ್‌ಗೆ ಬದಲಿಸುವ ಬಗ್ಗೆ ಈ ತಿಂಗಳೇ ನಿಮ್ಮ ವೈದ್ಯರೊಂದಿಗೆ ಮಾತನಾಡಿ. ಎರಡನೆಯ ಅಭಿಪ್ರಾಯ ಬೇಕಿದ್ದರೆ ನಿಮ್ಹಾನ್ಸ್‌ಗೆ ಹೋಗಿ, ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗೆ ಒಯ್ಯಿರಿ. ಇನ್ನೊಂದು ಮಗುವಿನ ಆಸೆ ಇದ್ದರೆ ಮೊದಲೇ ಹೇಳಿ, ಈ ಕಾಯಿಲೆಗೆ ಕೊಡುವ ಮೈಕೊಫಿನೊಲೇಟ್ ಎಂಬ ಮಾತ್ರೆ ಗರ್ಭದ ಶಿಶುವಿಗೆ ಹಾನಿಕರ. ಯಾರಾದರೂ ಇದನ್ನು ಎಂಎಸ್ ಎಂದು ತಿಳಿದು ಇಂಟರ್‌ಫೆರಾನ್ ಅಥವಾ ಫಿಂಗೊಲಿಮಾಡ್ ಬರೆದರೆ ಅಕ್ವಾಪೊರಿನ್ ವರದಿ ತೋರಿಸಿ. ಎಂಎಸ್‌ಗೆ ಒಳ್ಳೆಯದಾದ ಆ ಔಷಧಗಳು ಎನ್‌ಎಂಒವನ್ನು ಕೆರಳಿಸುತ್ತವೆ.

ನಮ್ಮ ಜಿಲ್ಲೆಯ ಇತರ ಓದುಗರಿಗಾಗಿ ಒಂದು ಮಾತು ಸೇರಿಸುತ್ತೇನೆ. ಕಾಲು ಬಿಗಿದು ನಡೆಯಲಾಗದವರಿಗೆಲ್ಲ ಎನ್‌ಎಂಒ ಇರುವುದಿಲ್ಲ. ಬಾಗೇಪಲ್ಲಿಯಂಥ ಕಡೆ ಕೊಳವೆಬಾವಿಯ ಫ್ಲೋರೈಡ್ ನೀರನ್ನು ದಶಕಗಟ್ಟಲೆ ಕುಡಿದವರಲ್ಲಿ ಬೆನ್ನುಮೂಳೆಯ ಕಟ್ಟುಗಳು ಗಟ್ಟಿಯಾಗಿ ಬೆನ್ನುಹುರಿಯನ್ನು ಒತ್ತುತ್ತವೆ. ಬಿ12 ಕೊರತೆ, ಬೆನ್ನುಮೂಳೆಯ ಕ್ಷಯ ಕೂಡ ಹೀಗೇ ಕಾಣಿಸಬಹುದು. ಇವರನ್ನೆಲ್ಲ ಒಂದೇ ಇಂಜೆಕ್ಷನ್‌ಗೆ ಸಾಲಾಗಿ ಕೂರಿಸುವ ಜಾಗ ಚಿಕಿತ್ಸೆಯ ಜಾಗವಲ್ಲ.

ಎಡಗಾಲಿಗೆ ಬೇಕಾಗಿರುವುದು ದಿನವೂ ವ್ಯಾಯಾಮ. ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಬಳಿ ಕಲಿತು ಮನೆಯಲ್ಲಿ ಬೆಳಿಗ್ಗೆ ಸಂಜೆ ಮಾಡಿಸಿ. ಕಾಲು ಬಿಗಿದರೆ ಬ್ಯಾಕ್ಲೊಫೆನ್ ಮಾತ್ರೆ ಇದೆ. ಕೈಕಾಲು ಸೆಳೆದು ಅರೆನಿಮಿಷ ಪ್ರಾಣ ಹೋಗುವಂತೆ ನೋಯುವ ಸೆಳೆತಗಳಿದ್ದರೆ ಹೇಳಿ, ಕಾರ್ಬಮಜೆಪಿನ್‌ಗೆ ಅವು ಚೆನ್ನಾಗಿ ಬಗ್ಗುತ್ತವೆ. ಮೂತ್ರ ಪೂರ್ತಿ ಹೋಗದಿದ್ದರೆ ನಾಚಿಕೊಳ್ಳದೆ ತಿಳಿಸಲು ಹೇಳಿ, ಕಿಡ್ನಿ ಕೆಡುವುದು ಅಲ್ಲಿಂದಲೇ. ಬಿಕ್ಕಳಿಕೆ ಎರಡು ದಿನ ಬಿಡದಿದ್ದರೆ, ಕಣ್ಣು ಮಂಜಾದರೆ, ಕಾಲು ಇದ್ದಕ್ಕಿದ್ದಂತೆ ಇನ್ನಷ್ಟು ಸೋತರೆ ಹಳೆಯ ವರದಿಗಳ ಚೀಲ ಹಿಡಿದು ಅವತ್ತೇ ಬೆಂಗಳೂರಿಗೆ ಹೊರಡಿ. ಪ್ಲಾಸ್ಮಾ ಬದಲಾವಣೆ ಬೇಗ ಶುರುವಾದಷ್ಟೂ ಉಳಿಯುವುದು ಹೆಚ್ಚು.

ತೋಟವನ್ನು ಇದಕ್ಕಾಗಿ ಮಾರಬೇಡಿ. ಮುಂಗಡ ಕೊಟ್ಟಿದ್ದರೆ ವಾಪಸ್ ಕೇಳಿ.

ರೀಲಿಂಗ್ ಕೆಲಸದ ಬಗ್ಗೆ ಕೇಳಿದ್ದೀರಿ. ಅವರ ಕೈಗಳಲ್ಲಿ ಬಲವಿದೆ, ಕೂತು ಮಾಡುವ ಕೆಲಸ ಖಂಡಿತ ಸಾಧ್ಯ. ಆದರೆ ಗೂಡು ಬೇಯಿಸುವ ಒಲೆಯ ಬಳಿ ಕೂರಿಸಬೇಡಿ. ಹೊದಿಕೆ ಕಳೆದುಕೊಂಡ ನರಗಳು ದೇಹ ಬಿಸಿಯಾದಾಗ ಸಂದೇಶ ಸಾಗಿಸಲಾರವು. ಆವಿಯ ಮುಂದೆ ಕೂತ ಅರ್ಧ ಗಂಟೆಯಲ್ಲಿ ಕಾಲು ಭಾರವಾಗಬಹುದು, ತಣ್ಣಗಾದರೆ ಸರಿಹೋಗುತ್ತದೆ. ಅದು ಹೊಸ ದಾಳಿಯಲ್ಲ. ಒಂದು ದಿನ ಮೀರಿಯೂ ಉಳಿದರೆ ಮಾತ್ರ ದಾಳಿಯೆಂದು ಅನುಮಾನಿಸಬೇಕು. ಕಾಲಿನಲ್ಲಿ ಬಿಸಿಯ ಅರಿವು ಕಡಿಮೆಯಾಗಿರುವುದರಿಂದ ಕುದಿಯುವ ನೀರು ಚೆಲ್ಲಿದರೂ ತಿಳಿಯದೆ ಸುಟ್ಟುಹೋಗುವ ಅಪಾಯವೂ ಇದೆ. ಗಾಳಿಯಾಡುವ ಪಡಸಾಲೆಯಲ್ಲಿ, ಬೆನ್ನಿಗೆ ಆಸರೆಯಿರುವ ಕುರ್ಚಿ ಹಾಕಿ, ಜಳ್ಳು ಗೂಡು, ಡಬಲ್ ಗೂಡು ಬೇರ್ಪಡಿಸುವ ಕೆಲಸ ಕೊಡಿ. ಮೊದಲು ದಿನಕ್ಕೆ ಒಂದು ಗಂಟೆ ಸಾಕು, ದಣಿವು ನೋಡಿಕೊಂಡು ಹೆಚ್ಚಿಸಿ.